ಮೊನೆ

ಕಂಕನಾಡಿಯ ಮೆಡಿಕಲ್ ಶಾಪಿನ ಮೇಲೆ ನನ್ನದೊಂದು ಕೋಣೆ.
ಮೆಟ್ಟಿಲು ಹತ್ತಿ ಬಂದವರು ಮೊದಲು ಕೇಳುವುದು:
ಇಲ್ಲಿ ಇಂಜೆಕ್ಷನ್ ಉಂಟಾ?
ಇಲ್ಲ. ಇಲ್ಲಿ ಉಂಟು ಬಟ್ಟೆ ಕ್ಲಿಪ್ಪು, ಹೆಸರುಕಾಳು,
ಒಂದು ತಟ್ಟೆ ಮರಳು, ಗೋಡೆ ತುಂಬ ಸಣ್ಣ ಸಣ್ಣ
ಹಸ್ತದ ಗುರುತು, ದಿನಕ್ಕೆ ಇಪ್ಪತ್ತು ಸಲ ದೂಡಿದವರದ್ದು.
ಗೋಡೆ ಇನ್ನೂ ಬಿದ್ದಿಲ್ಲ.

ಶಮ್ಮಾಸ್, ಎರಡನೇ ಕ್ಲಾಸು.
ಎರಡು ಗೆರೆ ಕಾಪಿಯ ಪುಟ ಪುಟದಲ್ಲೂ ಕೆಂಪು ಶಾಯಿ:
ಕಾಗೆ ಕಾಲು ಗುಬ್ಬಿ ಕಾಲು. ಪುನಃ ಬರೆ.
ಪುನಃ ಬರೆದದ್ದರ ಕೆಳಗೆ, ಪುನಃ ಬರೆ.
ಬಾಯಲ್ಲಿ ಕೇಳಿ, ಹದಿಮೂರರ ಮಗ್ಗಿ ಹೇಳುತ್ತಾನೆ,
ನೇತ್ರಾವತಿಯ ಸಂಕ ದಾಟುವಾಗ
ಕೆಳಗೆ ಎಷ್ಟು ದೋಣಿ ಇತ್ತೆಂದೂ ಹೇಳುತ್ತಾನೆ.
ಬರೆ ಎಂದರೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು,
ಬಸ್ಸಿನ ಕಂಬಿ ಹಿಡಿದ ಹಾಗೆ, ಬಿಟ್ಟರೆ ಬೀಳುವ ಹಾಗೆ,
ಕಾಗದ ಹರಿಯುತ್ತಾನೆ.

ಅವನ ಹೆಸರೇ ಅವನಿಗೊಂದು ಘಾಟಿ.
ಶ ದಾಟಿದರೆ ಮ, ಅದಕ್ಕೊಂದು ದೀರ್ಘ,
ಅಡಿಗೆ ಇನ್ನೊಂದು ಮ. ಆ ಒತ್ತು ಎಲ್ಲಿ ಕೂರಬೇಕು?
ಜಾರಿ ಜಾರಿ ಕೆಳಗಿನ ಸಾಲಿಗೆ ಇಳಿದು
ಇನ್ಯಾವುದೋ ಅಕ್ಷರದ ತಲೆಕಟ್ಟಿನ ಮೇಲೆ ಕೂತಿರುತ್ತದೆ.
ಸ್ ಬರುವಷ್ಟರಲ್ಲಿ ಮೊನೆ ಮುರಿದಿರುತ್ತದೆ.

ಕೇಸ್ ಶೀಟಿನಲ್ಲಿ ಬರೆದೆ,
ಕೆಳಗಿನ ಅಂಗಡಿಯವನೂ ಓದಲಾಗದ ನನ್ನ ಅಕ್ಷರದಲ್ಲಿ:
ಹೆಗಲು ಸಡಿಲ. ಹೆಬ್ಬೆರಳು ಒಳಗೆ.
ಮೊನೆ ಮುರಿದದ್ದು: ಏಳು ಸಲ.

ಅಜ್ಜಿ ಅವ್ವಮ್ಮ ಬೆಂಚಿನಲ್ಲಿ ಕಾಯುತ್ತಾರೆ.
ಮಂಜನಾಡಿಯಿಂದ ಎರಡು ಬಸ್ಸು.
ಅವರ ಕೈ ಖಾಲಿ ಇದ್ದಾಗಲೂ ಖಾಲಿ ಇಲ್ಲ,
ಸೆರಗಿನ ಅಂಚು ಸುತ್ತುತ್ತದೆ, ಬಿಚ್ಚುತ್ತದೆ, ಸುತ್ತುತ್ತದೆ.
ಹೆಬ್ಬೆರಳು, ತೋರುಬೆರಳು, ನಡುಬೆರಳು
ಮೂರೂ ಒಂದೇ ಚುಕ್ಕಿಯಲ್ಲಿ.
ನಾಲ್ಕೂವರೆ ವರ್ಷ ಕಾಲೇಜಿನಲ್ಲಿ ನಾನು ಓದಿದ ಹಿಡಿತ
ಈ ಹೆಂಗಸಿಗೆ ದಿನಕ್ಕೆ ಸಾವಿರ ಸಲ ಬರುತ್ತದೆ:
ಎಲೆ, ಪುಡಿ, ಸುತ್ತು, ನೂಲು, ಬಾಯಿ ಮಡಚು.

ದೊಡ್ಡ ಉಪಾಯ ಹೊಳೆಯಿತೆಂದುಕೊಂಡು ಹೇಳಿದೆ:
ಅವ್ವಮ್ಮ, ಸಂಜೆ ಇವನನ್ನೂ ಮೊರದ ಹತ್ತಿರ ಕೂರಿಸಿ.
ಪುಡಿ ಬೇಡ. ಬರೀ ಎಲೆ, ಬರೀ ಸುತ್ತುವುದು.

ಬೆರಳು ನಿಂತವು.
"ಬೇಡ ಬಾಯಮ್ಮ.
ಒಂಬತ್ತು ವರ್ಷಕ್ಕೆ ನನ್ನನ್ನೂ ಹಾಗೇ ಕೂರಿಸಿದ್ದು, ಬರೀ ಎಲೆ ಅಂತ.
ಬ್ರಾಂಚಿನಲ್ಲಿ ಚೆಕ್ಕರ್ ಒಂದು ಹಿಡಿ ತೆಗೆದು
ಸರಿ ಇಲ್ಲ ಅಂತ ಮುರಿದು ಬಿಸಾಡುತ್ತಿದ್ದ.
ಇವನ ಪುಸ್ತಕ ಟೀಚರ್ ಬಿಸಾಡಿದ್ದು ಕೇಳಿದಾಗ
ನನಗೆ ಅದೇ ಶಬ್ದ.
ಬೇರೆ ಎಂತಾದರೂ ಹೇಳಿ."

ಬೇರೆ ಎಂತ ಹೇಳುವುದು. ಫ್ಯಾನು ತಿರುಗಿತು.
ಕೆಳಗೆ ಯಾರೋ ಕೆಮ್ಮಿನ ಸಿರಪ್ಪು ಕೇಳುತ್ತಿದ್ದರು.

ಮುಂದಿನ ವಾರ ಅವರೇ ತಂದರು, ಸ್ಟೀಲು ಡಬ್ಬಿಯಲ್ಲಿ
ಪತ್ತಿರಿಯ ಹಿಟ್ಟು. ಬಿಸಿನೀರಲ್ಲಿ ಕಲಸಿದ್ದು, ಇನ್ನೂ ಬೆಚ್ಚಗೆ.
ನನ್ನ ಆರ್ನೂರು ರೂಪಾಯಿಯ ಹಸಿರು ಪುಟ್ಟಿ ಕಪಾಟಿನಲ್ಲೇ ಉಳಿಯಿತು.
ಶಮ್ಮಾಸ್ ಹೊಸೆದ. ಹಾವಾಯಿತು. ಹಾವು ಬಾಗಿ ಶ ಆಯಿತು.
ಇನ್ನೊಂದು ಹಾವು, ಅದರ ಅಡಿಗೊಂದು ಮರಿ.
ಮೇಜಿನ ಮೇಲೆ ಗೆರೆಯೇ ಇರಲಿಲ್ಲವಲ್ಲ,
ಒತ್ತು ಬೇಕಾದಲ್ಲಿ ಕೂತಿತು.
ಅಜ್ಜಿಗೆ ಓದಲು ಬರುವುದಿಲ್ಲ. ಮುಟ್ಟಿ ನೋಡಿದರು.
"ದಪ್ಪ ಆಯ್ತು," ಅಂದರು, "ಇದು ಬೇಯುವುದಿಲ್ಲ."

ಎಂಟು ತಿಂಗಳಾಯಿತು. ಕೆಂಪು ಶಾಯಿ ಇನ್ನೂ ಉಂಟು.
ಕಾಗೆ ಹೋಗಿದೆ, ಗುಬ್ಬಿ ಇದೆ.
ಪರೀಕ್ಷೆಗೆ ಅರ್ಧ ಗಂಟೆ ಹೆಚ್ಚು ಕೊಡಿ ಎಂದು
ಶಾಲೆಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ,
ನನ್ನ ಅಕ್ಷರ ತಿಳಿಯಲಿಲ್ಲವೋ ಏನೋ.

ಇವತ್ತಿನ ಶೀಟು:
ಹೆಬ್ಬೆರಳು ಹೊರಗೆ ಬಂತು, ತಾನಾಗಿ.
ಮೊನೆ ಮುರಿದದ್ದು: ಒಂದು ಸಲ.
ಅದೂ, ಅವನು ಹೇಳುವ ಪ್ರಕಾರ,
ಪೆನ್ಸಿಲಿನದೇ ತಪ್ಪು.