ನಾಯಿಯ ಕೆಲಸ

ಇನಾಸನಿಗೆ ಸ್ವರಗಳು ಶುರುವಾದದ್ದು
ಪಲ್ಪರ್ ಮೆಷಿನ್ನಿನೊಳಗಿಂದ.
ಸಿದ್ದಾಪುರದ ಆಚೆ, ತೋಟದಲ್ಲಿ,
ಹಣ್ಣು ಕೊಯ್ಲಿನ ಡಿಸೆಂಬರು;
ಸಿಪ್ಪೆ ಬೇರೆ ಬೀಜ ಬೇರೆ ಆಗುವಾಗ
ಯಾರೋ ಅವನ ಹೆಸರನ್ನೂ ಸುಲಿದರಂತೆ.

ಅಕ್ಕ ಸೆವ್ರಿನ್ ನನ್ನ ಬಳಿ ಕರೆತಂದಳು,
"ಬಿಡಿಸಿ ಫಾದರ್" ಅಂದಳು, ಕಾಲಿನ ಮುಳ್ಳಿನ ಹಾಗೆ.
ನಾನಿನ್ನೂ ಎಳಸು. ತಲೆಯ ಮೇಲೆ ಕೈಯಿಟ್ಟೆ,
ತೀರ್ಥ ಚಿಮುಕಿಸಿದೆ, ಒಂಬತ್ತು ದಿನ ನೊವೆನಾ ಹೇಳಿದೆ.
ಹತ್ತನೆಯ ದಿನ ಅವನು
ಕಿವಿಗೆ ಕಾಫಿ ಬೀಜ ತುರುಕಿಕೊಂಡು ಬಂದ.

ಮಡಿಕೇರಿ ಬಸ್ಸಿನ ತಿರುವುಗಳಲ್ಲಿ ಇಬ್ಬರೂ ಕಕ್ಕಿದೆವು.
ಡಾಕ್ಟರ್ ನೀಲಮ್ಮ ತಿಂಗಳಿಗೊಂದು ಸೂಜಿ ಬರೆದು
ನನ್ನ ಕಡೆ ತಿರುಗಿ,
"ಔಷಧಿ ನನ್ನದು, ಗುರುವಾರ ನಿಮ್ಮದು.
ದೆವ್ವದ ಸುದ್ದಿ ಮಾತ್ರ ಎತ್ತಬೇಡಿ" ಅಂದರು.

ಹಾಗೆ ಹನ್ನೊಂದು ವರ್ಷದ ಗುರುವಾರಗಳು.
ಇಗರ್ಜಿಯ ಹಿಂದಿನ ಬೆಂಚು, ಬೆಲ್ಲದ ಕಾಫಿ.
ಸ್ವರಗಳು ಹೋಗಲಿಲ್ಲ, ದೂರ ಕೂತವು,
ಮದುವೆಗೆ ಕರೆಯದೆ ಬಂದ ನೆಂಟರಂತೆ.
ಒಮ್ಮೆ ಕೇಳಿದ:
"ಇಷ್ಟು ವರ್ಷ ಮೊಣಕಾಲೂರಿದ್ದೀರಿ, ನಿಮಗೇನು ಕೇಳಿಸಿತು?"
"ಏನೂ ಇಲ್ಲ, ಇನಾಸ."
ಪಾಪ ಅನ್ನಿಸಿರಬೇಕು. ತನ್ನ ಬನ್ನಿನಲ್ಲಿ
ದೊಡ್ಡ ಪಾಲು ಮುರಿದು ಕೊಟ್ಟ.

ಅವನದೇ ಒಂದು ಉಪಾಯವಿತ್ತು,
ನನಗೂ ಡಾಕ್ಟರಿಗೂ ಹೊಳೆಯದ್ದು.
ಸ್ವರ ಬಂದರೆ ರಾಣಿಯ ಕಿವಿ ನೋಡುವುದು.
ನಾಯಿಯ ಕಿವಿ ನಿಮಿರಿದರೆ ಹೊರಗಿನದು:
ಆನೆ, ಜೀಪು, ಕುಡಿದ ಮೇಸ್ತ್ರಿ.
ನಿಮಿರದಿದ್ದರೆ ಒಳಗಿನದು.
"ಇರಲಿ, ನೀನು ಮಾತಾಡಿಕೋ" ಎಂದು
ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬುವುದು.
ಪಲ್ಪರಿನಿಂದ ನರ್ಸರಿಗೆ ಹಾಕಿದ್ದರು ಅವನನ್ನು.

ಹೋದ ವರ್ಷ ಹೂಮಳೆಗೆ ಮುಂಚೆ
ರಾಣಿಯನ್ನು ಚಿರತೆ ಒಯ್ದಿತು.
ಮೂರು ಗುರುವಾರ ಅವನು ಬರಲಿಲ್ಲ.
ನಾನೇ ಲೈನಿಗೆ ಹೋದೆ. ಮೆಟ್ಟಿಲ ಮೇಲೆ
ಖಾಲಿ ಸರಪಳಿ ಹಿಡಿದು ಕೂತಿದ್ದ.
ಸಮಾಧಾನದ ಮಾತು ನಾಲಿಗೆವರೆಗೆ ಬಂದಿತ್ತು. ನುಂಗಿದೆ.
ಪಕ್ಕದಲ್ಲಿ ಕೂತೆ.

"ಈಗ ಒಬ್ಬ ಹೆಂಗಸು ಅತ್ತಳು. ಕೇಳಿಸಿತಾ?"
"ಇಲ್ಲ."
"ಸರಿ."
ಸ್ವಲ್ಪ ಹೊತ್ತು.
"ಈಗ?"
"ಇಲ್ಲ."
"ಸರಿ."

ಕತ್ತಲಾಯಿತು. ಸಿಲ್ವರ್ ಓಕುಗಳ ಆಚೆ, ಕಂದಕದ ಕಡೆ,
ಬಿದಿರು ಲಟಲಟ ಮುರಿಯಿತು.
ಇನಾಸ ಮೆಲ್ಲಗೆ ತಿರುಗಿ
ನನ್ನ ಕಿವಿ ನೋಡಿದ.