ಹನ್ನೊಂದು ತಿಂಗಳ ತಂತಿ

ಪ್ರತಿ ಮನೆಗೂ ಎರಡಂಗುಲ.
ಲೆಕ್ಕ ಹಾಗೆ ಶುರುವಾಯಿತು.
ಭಾಯಂದರಿನ ಖಾಡಿಯ ಗಾಳಿ, ಅದರ ಉಪ್ಪು,
ಬೆತ್ತಲೆ ತಾಮ್ರದ ತುದಿಗೆ ಹಸಿರು ಕಿಲುಬು.
ಕರಾರು ಮುಗಿದಾಗಲೆಲ್ಲ
ಕಿಲುಬಿದ್ದಷ್ಟು ಕತ್ತರಿಸಿ, ಹಲ್ಲಿನಲ್ಲೇ ಸಿಪ್ಪೆ ಸುಲಿದು
(ವಾರಿಜ ಬೈಯುತ್ತಾಳೆ: ಆ ಹಲ್ಲು ಹೋದರೆ
ತಂತಿಯಲ್ಲೇ ಕಟ್ಟಿಸಿಕೊಳ್ಳುತ್ತೀರಾ?)
ಹೊಸ ಗೋಡೆಯ ಬುಡದಲ್ಲಿ ಮತ್ತೆ ಹೊಸೆದು ಸಿಕ್ಕಿಸುವುದು.
ಮೀರಾ ರೋಡು, ನಾಯಗಾಂವ್, ವಸಾಯಿಯಲ್ಲಿ ಮೂರು,
ಮತ್ತೆ ಭಾಯಂದರು.

ಏಳನೆಯ ಮನೆಯಲ್ಲಿ
ಎಡಗಡೆಯ ಸ್ಪೀಕರು ಗೋಡೆ ಮುಟ್ಟಲಿಲ್ಲ.
ತಂತಿ ಒಂದು ಗೇಣು ಕಡಿಮೆ.
ಸಾಲ ಕೇಳಲು ಬಂದ ನೆಂಟನ ಹಾಗೆ
ನಡುಕೋಣೆಯಲ್ಲೇ ನಿಂತುಬಿಟ್ಟಿತು,
ಬಾಗಿಲಿಗೆ ಅಡ್ಡವಾಗಿ, ಕೂರೆಂದರೂ ಕೂರದೆ.

ಶನಿವಾರ ಲ್ಯಾಮಿಂಗ್ಟನ್ ರೋಡು.
ಜಿನೇಶ ಗಾಲಾನ ಅಂಗಡಿ;
ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಕಪಾಟು,
ಕಪಾಟಿನಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಜಿನೇಶ.
ಏಳುವುದಿಲ್ಲ. ಕೈ ಚಾಚಿದರೆ ಎಲ್ಲವೂ ಸಿಗುತ್ತದೆ.
"ಕಾಂಟಾ, ಪಿನ್, ಕೇಲಾ. ಬೋಲೋ."

ಕಾಂಟಾ ಎಂದರೆ ಇಬ್ಬಾಗದ ನಾಲಗೆ,
ತಿರುಪಿನ ಕುತ್ತಿಗೆ ಹಿಡಿದು ಕೂರುತ್ತದೆ. ಭದ್ರ.
ಬಿಡಿಸಲು ಇಕ್ಕುಳ ಬೇಕು, ಎರಡು ಬೈಗುಳವೂ ಬೇಕು.
ಪಿನ್ನು ಬಡಪಾಯಿ:
ಯಾರಾದರೂ ಕಸ ಗುಡಿಸಿದರೆ ಸಾಕು, ಹೊರಗೆ.
ಕೇಲಾ ಎಂದರೆ ಬಾಳೆಹಣ್ಣೇ. ಕದಳಿಯೂ ಅಲ್ಲ, ನೇಂದ್ರವೂ ಅಲ್ಲ,
ಚಿನ್ನದ ನೀರು ಕುಡಿದ ಹಿತ್ತಾಳೆ,
ಹೊಟ್ಟೆಯುಬ್ಬಿದ ನಾಲ್ಕು ಎಸಳು.
ತೂತಿಗೆ ತಳ್ಳಿದರೆ ಒಳಗೇ ಮೈ ಅಗಲಿಸಿ ಹಿಡಿದುಕೊಳ್ಳುತ್ತದೆ,
ಎಳೆದರೆ, ಮುನಿಸಿಲ್ಲದೆ, ಬಂದುಬಿಡುತ್ತದೆ.

"ಬೆಸುಗೆ ಹಾಕಿ ಕೊಡಲಾ? ಪರ್ಮನೆಂಟ್," ಎಂದ.

ಪರ್ಮನೆಂಟ್.
ಆ ಪದ ಕೊನೆಯ ಸಲ ಕಂಡದ್ದು ಬ್ಯಾಂಕಿನ ಅರ್ಜಿಯಲ್ಲಿ,
ವಿಳಾಸದ ಖಾಲಿ ಚೌಕದ ಪಕ್ಕ.
ವಾರಿಜ ಅಲ್ಲೊಂದು ಗೆರೆ ಎಳೆದಿದ್ದಳು, ನೆಟ್ಟಗೆ.

"ಬೇಡ, ಕೇಲಾ ಕೊಡು. ತಿರುಪಿನದು."
ಕಣ್ಣೆತ್ತಿ ತೂಗಿದ. "ಭಾಡೇ ಪೇ?"
"ಗ್ಯಾರಾ ಮಹೀನೇ."
"ಮೇರಾ ಭೀ," ಎಂದು ತನ್ನ ಮಾಡು ನೋಡಿದ.
ಮೇಲೆ ಯಾರೋ ಮೆಟ್ಟಿಲಿಳಿಯುತ್ತಿದ್ದರು,
ಸುಣ್ಣದ ಹುಡಿ ಉದುರಿತು.

ತಂತಿ ಎಷ್ಟು ಎಂದ. ನಮ್ಮ ಗೋಡೆ ಎಂಟು ಅಡಿ.
ಬಾಯಿ ಹದಿನೆಂಟು ಎಂದಿತು, ಒಂದೊಂದು ಕಡೆಗೂ.
ಮೂಗಿನ ತುದಿಯಿಂದ ಚಾಚಿದ ಕೈವರೆಗೆ ಅಳೆದ,
ಹೂವಿನವಳ ಮೊಳವಲ್ಲ, ಧಾರಾಳ.

ರಾತ್ರಿ ಫ್ಯಾನು ನಿಲ್ಲಿಸಿ, ನೆಲಕ್ಕೆ ಪತ್ರಿಕೆ ಹಾಸಿ
ವಾರಿಜ ಎಳೆಗಳನ್ನು ಹೊಸೆದಳು,
ಬತ್ತಿ ಹೊಸೆದು ಪಳಗಿದ ಬೆರಳು, ಒಂದೆಳೆಯೂ ಹೊರಗೆ ಚಾಚಲಿಲ್ಲ.
ತಿರುಪು ಬಿಗಿದದ್ದು ನಾನು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು,
ಒಂದು ಕಡೆ ತಪ್ಪಿತು.
ದನಿ ಎರಡೂ ಬದಿಗಿತ್ತು, ನಡುವೆ ಯಾರೂ ಇರಲಿಲ್ಲ,
ಜಗಳದ ಮರುದಿನದ ಮನೆ.
"ಒಂದನ್ನು ತಿರುಗಿಸಿ ನೋಡಿ," ಅವಳೇ ಹೇಳಿದಳು.
ಕಿತ್ತು ಚುಚ್ಚಲು ಎರಡು ಕ್ಷಣ.

ಆಮೇಲೆ ಯಾರೋ ಕೆಮ್ಮಿದರು.
ವಾರಿಜ ಎಡಗಡೆಯ ಕಿಟಕಿಗೆ ತಿರುಗಿ
"ಮ್ಹಾತ್ರೆ ಬಾಯಿಗೆ ಇನ್ನೂ ವಾಸಿಯಾಗಿಲ್ಲ ಪಾಪ," ಎಂದಳು.
ಅಲ್ಲ, ಅದು ಮುದ್ರಿಕೆಯ ಒಳಗಿನ ಕೆಮ್ಮು,
ಯಾವುದೋ ಸಭೆಯ ಮೂರನೆಯ ಸಾಲಿನವನು,
ತಬಲಾಕ್ಕೆ ಸುತ್ತಿಗೆ ಬೀಳುವ ಹೊತ್ತಿಗೆ.
ಏಳು ಮನೆ ನಮ್ಮ ಜೊತೆಗೇ ಅಲೆದಿದ್ದಾನೆ,
ಒಮ್ಮೆಯೂ ಕೇಳಿಸಿರಲಿಲ್ಲ.

ಮಿಕ್ಕ ತಂತಿ ಸ್ಪೀಕರಿನ ಹಿಂದೆ ಸುರುಳಿ.
"ಇಷ್ಟುದ್ದದ ಗೋಡೆ ಎಲ್ಲಿ ನೋಡಿಟ್ಟಿದ್ದೀರಿ?"
ನೋಡಿಲ್ಲ.
ಬೇಕಾದ್ದು ಎಂಟು, ಪೊಟ್ಟಣದಲ್ಲಿ ಹತ್ತಿದ್ದವು.
ಎರಡನ್ನು ಹೊಲಿಗೆಯ ಡಬ್ಬಕ್ಕೆ ಹಾಕಿದಳು,
ಯಾವ ಅಂಗಿಗೂ ಹೊಂದದ ಗುಂಡಿಗಳ ಜೊತೆ.
ಕರಾರು ಮೇ ಹದಿನಾಲ್ಕಕ್ಕೆ.