ಇಪ್ಪತ್ತೇಳು, ಎಣಿಸಿದರೆ ಇಪ್ಪತ್ಮೂರು

ಮಾರುವಾಗ ಹೇಳಿದ್ದು: ಸರೋವರ ಕಾಣುತ್ತದೆ.
ಸುಳ್ಳಲ್ಲ. ಬಾಲ್ಕನಿಯ ಬಲತುದಿಗೆ ಹೋಗಿ
ಕಂಬಿಗೆ ಪಕ್ಕೆ ಒತ್ತಿ ಕತ್ತು ಚಾಚಿದರೆ
ಎರಡು ಗೋಪುರಗಳ ಸಂದಿಯಲ್ಲಿ ಒಂಟಾರಿಯೋ,
ಒರೆಮಾಡಿದ ಬಾಗಿಲಿಂದ ತೂರುವ
ಬೆಳಕಿನ ಗೀಟಿನಷ್ಟು.

ಮಲಗುವ ಕೋಣೆಗೆ ಕಿಟಕಿಯಿಲ್ಲ.
ಗಾಜಿನ ಜಾರುಬಾಗಿಲು, ಅಡುಗೆಮನೆಯಿಂದ
ಬೆಳಕು ಕಡ ತರುತ್ತದೆ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಒಪ್ಪಿದೆ;
ಇಲ್ಲಿ ಚಾಚಿದರೆ ಫ್ರಿಜ್ಜಿನ ಬಾಗಿಲು ತೆರೆಯದು.

ನಡುಮನೆಯಲ್ಲಿ ಒಂದು ಕಂಬ.
ಬಂದವರೆಲ್ಲ ಆಚೆಯಿಂದೊಮ್ಮೆ ಈಚೆಯಿಂದೊಮ್ಮೆ
ಇಣುಕಿ ಇಣುಕಿ ಮಾತಾಡಿ ಹೋದರು.
ನಲ್ಲಿ ರಿಪೇರಿಗೆ ಬಂದ ಮುದುಕ ಅವೆಲಿನೊ,
ಮೂವತ್ತು ವರ್ಷ ಟೊರಾಂಟೊಗೆ ಕಾಂಕ್ರೀಟ್ ಸುರಿದವನು,
ಕಂಬಕ್ಕೆ ಅಂಗೈ ಬಡಿದು ನೋಡಿದ:
‘ಗಟ್ಟಿಯಿದೆ. ಕೆಳಗೆ ಕಾರು ತಿರುಗಲು ಜಾಗ ಬೇಕಲ್ಲ,
ಅದಕ್ಕೇ ಇದು ಇಲ್ಲಿಗೆ ಬಂತು.
ಕಂಬದ್ದೇನೂ ತಪ್ಪಿಲ್ಲ ಮಗಾ,
ನಿನ್ನ ಮನೆಯೇ ತಪ್ಪು ಜಾಗದಲ್ಲಿದೆ.’

ಗೋಡೆಗೆ ಕಿವಿ ಇದೆ ಅನ್ನುತ್ತಾರೆ.
ಇಲ್ಲಿ ಗೋಡೆಯಿಲ್ಲ, ಬರೀ ಕಿವಿ.
ಆಚೆ ಮನೆಯಲ್ಲಿ ಯಾರೋ ಬೆಳಗಾಗೆದ್ದು ಸೀನುತ್ತಾರೆ:
ಒಂದು. ಎರಡು.
ನಾನು ಹಲ್ಲುಜ್ಜುವುದನ್ನು ನಿಲ್ಲಿಸುವಷ್ಟು ಹೊತ್ತು.
ಮೂರು.
ಎರಡು ವರ್ಷದಲ್ಲಿ ಇದೊಂದೇ ಪರಿಚಯ.
ಮುಖ ಲಿಫ್ಟಿನಲ್ಲಿ ಕಂಡಿದ್ದೀತು;
ಅಲ್ಲಿ ಎಲ್ಲರೂ ಅಂಕಿಯನ್ನಷ್ಟೇ ನೋಡುವವರು.

ಜನವರಿಯ ರಾತ್ರಿ ಮೂರೂಕಾಲಿಗೆ ಅಲಾರಂ ಕಿರುಚಿತು.
ಮೆಟ್ಟಿಲಿಳಿಯುತ್ತ ಎಣಿಸಿದೆ.
ನಾಲ್ಕಿಲ್ಲ, ಹದಿಮೂರಿಲ್ಲ, ಹದಿನಾಲ್ಕಿಲ್ಲ, ಇಪ್ಪತ್ನಾಲ್ಕೂ ಇಲ್ಲ.
ಅಪಶಕುನಗಳನ್ನೆಲ್ಲ ಹಾರಿಸಿ
ಇಪ್ಪತ್ತೇಳೆಂದು ಮಾರಿದ್ದರು.
ಮಂಡಿಗೆ ಮಾತ್ರ ನಿಜದ ಲೆಕ್ಕ ಗೊತ್ತು.

ಹಿಮದ ಮೇಲೆ
ರಜಾಯಿ ಹೊದ್ದವರು, ಕೋಟಿನೊಳಗೆ ಬೆಕ್ಕಿಳಿಬಿಟ್ಟವರು,
ಮೀನಿನ ಬೋಗುಣಿ ಅಪ್ಪಿದ ಹುಡುಗ.
ಕಾವಲಿನ ತೆಸ್ಫಾಲೆಮ್‌ಗೆ ಹೆಸರು ಗೊತ್ತಿಲ್ಲ,
ಮನೆ ನಂಬರು ಕೂಗುತ್ತಾನೆ.
ಅಬ್ಬಾ, ನಾವು ಇಷ್ಟೊಂದು ಜನವೇ!
ಒಂದು ಹೋಬಳಿಯಷ್ಟು ಮಂದಿ,
ಒಂದೇ ಬಾಗಿಲು.

ಬೆನ್ನ ಹಿಂದೆ ಸೀನು.
ಇನ್ನೊಂದು.
ತಿರುಗಿ ಕಾದು ನಿಂತೆ, ಬಂತು.
ಹಳದಿ ಗೌನು, ಮಂಜು ಮುಸುಕಿದ ಕನ್ನಡಕ:
‘ಐದು ಗಂಟೆಗೆ ಮಿಕ್ಸಿ ತಿರುಗಿಸುವವರು ನೀವೇ ಅಲ್ಲವೇ?’
ಹೆಸರು ಮಾಹ್ನೂಶ್.
ನಿಮಗೂ ಕಂಬ ಉಂಟೇ ಎಂದೆ.
‘ನನಗೆ ತೊಲೆ. ಬಚ್ಚಲಿಗೆ ನಮಸ್ಕಾರ ಮಾಡಿಯೇ ಹೋಗಬೇಕು.’
ನಕ್ಕೆವು. ಬಾಯಿಯ ಹಬೆ ಎರಡು ಸೇರಿ
ಒಂದು ಗಳಿಗೆ ನಿಂತಿತ್ತು.

ಹನ್ನೊಂದರಲ್ಲಿ ಯಾರದೋ ರೊಟ್ಟಿ ಸೀದದ್ದಂತೆ, ಅಷ್ಟೇ.
ಆರು ಲಿಫ್ಟು, ನಡೆಯುವವು ಎರಡು.
ಸರದಿ ಕಾಯುತ್ತ ನೋಡಿದೆ:
ರಸ್ತೆಯಾಚೆ ಅಗೆದ ಹೊಂಡ, ಮಲಗಿದ ಕ್ರೇನು,
ಅದರ ಬೇಲಿಯ ಮೇಲೆ ದೀಪದಲ್ಲಿ ಬರೆದಿತ್ತು:
ಸರೋವರ ಕಾಣುತ್ತದೆ.
ಲಿಫ್ಟಿನಲ್ಲಿ ಮತ್ತೆ ಎಲ್ಲರ ಕಣ್ಣೂ ಅಂಕಿಗೆ.
ನಮ್ಮವೂ.

ಮರುದಿನ ಐದಕ್ಕೆ ಬಾಳೆಹಣ್ಣು ಹೆಚ್ಚಿ, ಹಾಲು ಸುರಿದು
ಮಿಕ್ಸಿಯ ಗುಂಡಿಗೆ ಬೆರಳಿಟ್ಟೆ.
ಒಂದು.
ಎರಡು.
ಬೆರಳು ತೆಗೆದು ಕಂಬಕ್ಕೊರಗಿ
ನಿಂತೆ.